ಹ್ಯಾಂಡ್‌ಬ್ರೇಕ್ ಸದ್ದು ಮಾಡುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಸದ್ದನ್ನು ಮೆಕ್ಯಾನಿಕ್ ಎದುರು ಬಾಯಲ್ಲಿ ಮಾಡಿ ತೋರಿಸಿದವರಲ್ಲಿ ನಾನೂ ಒಬ್ಬ. "ಕಿರ್ರ್ ಅನ್ನುತ್ತೆ... ಅಲ್ಲ, ಕುಯ್ಯ್ ಥರ." ಅವರು ತಲೆಯಾಡಿಸಿ, ಗಾಡಿ ಒಂದು ಸುತ್ತು ಓಡಿಸಿ ಬರುತ್ತಾರೆ. ಆಗ ಮಾತ್ರ ಸದ್ದು ಬರುವುದಿಲ್ಲ.

ಹ್ಯಾಂಡ್‌ಬ್ರೇಕಿನ ವಿಷಯದಲ್ಲಿ ಸದ್ದು ಹೇಗಿದೆ ಅನ್ನುವುದಕ್ಕಿಂತ ಅದು ಯಾವಾಗ ಬರುತ್ತದೆ ಅನ್ನುವುದು ಜಾಸ್ತಿ ಮುಖ್ಯ. ಎಳೆಯುವಾಗ ಬರುತ್ತಾ? ಬಿಟ್ಟ ತಕ್ಷಣ ಬರುತ್ತಾ? ಬೆಳಗ್ಗೆ ಹೊರಡುವಾಗ ಮಾತ್ರವಾ, ಅಥವಾ ದಾರಿಯುದ್ದಕ್ಕೂ ಇರುತ್ತಾ? ಕೆಳಗಿನ ಪ್ರಶ್ನೆಗಳನ್ನು ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಇಟ್ಟಿದ್ದೇನೆ.

ಮೊದಲು ಇದು ಹೇಳಿ, ಲಿವರ್ ಎಳೆದಾಗ ಒಳಗೆ ಏನಾಗುತ್ತದೆ?

ಲಿವರಿನ ಬುಡದಲ್ಲಿ ಹಲ್ಲುಗಳಿರುವ ಒಂದು ಪಟ್ಟಿ ಇರುತ್ತದೆ, ಆ ಹಲ್ಲಿಗೆ ಸಿಕ್ಕಿಕೊಳ್ಳುವ ಒಂದು ಚಿಕ್ಕ ಕೊಕ್ಕೆ ಇರುತ್ತದೆ. ನೀವು ಎಳೆದಂತೆ ಕೊಕ್ಕೆ ಒಂದೊಂದೇ ಹಲ್ಲು ದಾಟುತ್ತದೆ. ಲಿವರಿನಿಂದ ಹಿಂದಿನ ಚಕ್ರಗಳ ತನಕ ಉಕ್ಕಿನ ಕೇಬಲ್ ಹೋಗಿರುತ್ತದೆ. ಸೈಕಲ್ ಬ್ರೇಕಿನಲ್ಲಿ ನೋಡಿರುತ್ತೀರಲ್ಲ, ಹೊರಗೊಂದು ಕವಚ, ಒಳಗೆ ಓಡಾಡುವ ತಂತಿ, ಅದೇ ಜಾತಿ. ಚಕ್ರದ ಹತ್ತಿರ ಆ ತಂತಿ ಒಂದು ಚಿಕ್ಕ ಸನ್ನೆಯನ್ನು, ಅಂದರೆ ಸನ್ನೆಗೋಲಿನಂಥ ತುಂಡನ್ನು, ಎಳೆಯುತ್ತದೆ.

ಮುಂದಿನದು ಕಾರಿನ ಮೇಲೆ ಅವಲಂಬಿಸಿದೆ. ಹಿಂದೆ ಡ್ರಮ್ ಇದ್ದರೆ ಬಿಲ್ಲಿನಂತೆ ಬಾಗಿದ ಎರಡು ಬ್ರೇಕ್ ಶೂಗಳು ಅಗಲವಾಗಿ ಡ್ರಮ್ಮಿನ ಒಳಗೋಡೆಯನ್ನು ಒತ್ತುತ್ತವೆ. ಡಿಸ್ಕ್ ಇದ್ದರೆ ಡಿಸ್ಕನ್ನು ಇಕ್ಕಳದ ಹಾಗೆ ಹಿಡಿಯುವ ಕ್ಯಾಲಿಪರ್ ಒಳಗಿನ ಪಿಸ್ಟನ್ ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿಯುತ್ತದೆ. ಕೆಲವು ಕಾರುಗಳಲ್ಲಿ ಡಿಸ್ಕಿನ ನಡುಭಾಗದ ಟೊಪ್ಪಿಗೆಯೊಳಗೆ ಪಾರ್ಕಿಂಗ್ ಬ್ರೇಕಿಗೆ ಅಂತಲೇ ಒಂದು ಪುಟ್ಟ ಡ್ರಮ್ ಇರುತ್ತದೆ. ಈ ಮೂರರಲ್ಲಿ ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಕೈಪಿಡಿಯಲ್ಲಿ ಇರುತ್ತದೆ.

ಎಳೆಯುವಾಗ ಕಟಕಟ ಅನ್ನುತ್ತದೆ. ಏನಾದರೂ ಸವೆಯುತ್ತಿದೆಯಾ?

ಇಲ್ಲ. ಕೊಕ್ಕೆ ಹಲ್ಲು ದಾಟುವ ಸದ್ದು ಅದು. ಅದು ಇರಲೇಬೇಕು.

ಬಟನ್ ಒತ್ತಿಕೊಂಡೇ ಎಳೆದರೆ ಸದ್ದು ಬರುವುದಿಲ್ಲ. ಹಾಗೆ ಮಾಡಬಹುದಾ?

ಮಾಡಬಹುದು. ಆದರೆ ಬಟನ್ ಬಿಟ್ಟ ಮೇಲೆ ಕೊಕ್ಕೆ ಸರಿಯಾಗಿ ಹಲ್ಲಿನಲ್ಲಿ ಕೂತಿರಬೇಕು. ಲಿವರನ್ನು ಹಿಡಿದುಕೊಂಡೇ ಬಟನ್ ಬಿಡಿ, ಆಮೇಲೆ ಕೈ ತೆಗೆಯಿರಿ. ನಾನಂತೂ ಕಟಕಟ ಕೇಳಿಸಿಕೊಂಡೇ ಎಳೆಯುತ್ತೇನೆ. ಆ ಸದ್ದನ್ನು ಎಣಿಸುವುದರಿಂದ ಲಾಭ ಇದೆ, ಮುಂದಿನ ಪ್ರಶ್ನೆ ನೋಡಿ.

ಮೊದಲು ಐದಾರು ಕಟ್‌ಗೆ ಗಟ್ಟಿಯಾಗುತ್ತಿತ್ತು, ಈಗ ಹತ್ತು ದಾಟುತ್ತದೆ. ಏನಾಗಿದೆ?

ಹೆಚ್ಚಿನ ಕಾರುಗಳಲ್ಲಿ 4ರಿಂದ 9 ಕಟ್ ಒಳಗೆ ಲಿವರ್ ಗಟ್ಟಿಯಾಗಬೇಕು. ನಿಮ್ಮ ಕಾರಿನ ಸರಿಯಾದ ಲೆಕ್ಕ ಕೈಪಿಡಿಯಲ್ಲಿ ಸಿಗುತ್ತದೆ. ಎಣಿಕೆ ನಿಧಾನಕ್ಕೆ ಏರುತ್ತಾ ಬಂದಿದ್ದರೆ ಶೂ ಸವೆದಿದೆ, ಕೇಬಲ್ ಸ್ವಲ್ಪ ಉದ್ದವಾಗಿದೆ, ಇಲ್ಲವೇ ಡ್ರಮ್ಮಿನೊಳಗೆ ಸವೆತಕ್ಕೆ ತಕ್ಕಂತೆ ತಾನೇ ಬಿಗಿಯಾಗಬೇಕಾದ ಅಡ್ಜಸ್ಟರ್ ಜಾಮ್ ಆಗಿದೆ. ಒಂದೇ ದಿನದಲ್ಲಿ ಆರರಿಂದ ಹನ್ನೆರಡಕ್ಕೆ ಹಾರಿದ್ದರೆ ಎರಡು ಕೇಬಲ್‌ಗಳಲ್ಲಿ ಒಂದು ಕಿತ್ತಿರಬಹುದು. ಆಗ ಗಾಡಿಯನ್ನು ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ನಂಬಿ ನಿಲ್ಲಿಸಬೇಡಿ.

ಇಲ್ಲೊಂದು ಕಿವಿಮಾತು. ಎಣಿಕೆ ಜಾಸ್ತಿಯಾಯಿತು ಅಂತ ಕೆಲವರು ಸೀಟಿನ ಪಕ್ಕದ ಕನ್ಸೋಲ್ ಬಿಚ್ಚಿ ಕೇಬಲ್ ನಟ್ಟು ನಾಲ್ಕು ಸುತ್ತು ಬಿಗಿ ಮಾಡಿ ಕಳಿಸಿಬಿಡುತ್ತಾರೆ. ಐದು ನಿಮಿಷದ ಕೆಲಸ, ನೋಡುವುದಕ್ಕೂ ಸರಿಹೋದಂತೆ ಕಾಣುತ್ತದೆ. ಆದರೆ ಮೊದಲು ಚಕ್ರದ ಕಡೆ ಶೂ ಅಡ್ಜಸ್ಟ್ ಮಾಡಬೇಕು, ಕೇಬಲ್ ಕೊನೆಗೆ. ಕೇಬಲನ್ನು ಬರೀ ಬಿಗಿ ಮಾಡುತ್ತಾ ಹೋದರೆ ಲಿವರ್ ಪೂರ್ತಿ ಇಳಿಸಿದ್ದರೂ ಚಕ್ರದ ಒಳಗಿನ ಸನ್ನೆ ತನ್ನ ಜಾಗಕ್ಕೆ ಮರಳುವುದಿಲ್ಲ. ಎಷ್ಟೋ ಮಾದರಿಗಳಲ್ಲಿ ಹಾಗಾದಾಗ ಅಡ್ಜಸ್ಟರೂ ಕೆಲಸ ನಿಲ್ಲಿಸುತ್ತದೆ. ಶೂ ಸದಾ ಉಜ್ಜುತ್ತಾ ಇರುತ್ತದೆ, ಇನ್ನೊಂದು ಸದ್ದು ಶುರುವಾಗುತ್ತದೆ.

ಕಟಕಟ ಸದ್ದೇ ಇಲ್ಲ. ಲಿವರ್ ಮೇಲೆ ಬಂದು ಮತ್ತೆ ಬಿದ್ದುಬಿಡುತ್ತದೆ.

ಕೊಕ್ಕೆ ಹಲ್ಲಿಗೆ ಸಿಗುತ್ತಿಲ್ಲ. ಬಟನ್ ಒಳಗೇ ಸಿಕ್ಕಿಕೊಂಡಿರಬಹುದು, ಕೊಕ್ಕೆಯ ಸ್ಪ್ರಿಂಗ್ ಮುರಿದಿರಬಹುದು, ಹಲ್ಲು ಸವೆದಿರಬಹುದು. ಸುಮ್ಮನೆ ಎರಡನೇ ಸಲ ಎಳೆದು ನೋಡಿ ನಿಂತಿತು ಅಂತ ಇಳಿದು ಹೋಗಬೇಡಿ. ರಿಪೇರಿ ಆಗುವ ತನಕ ಗೇರಿನಲ್ಲಿ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ.

ಎಳೆಯುವಾಗ ಕಟಕಟದ ಜೊತೆಗೆ ಕಾರಿನ ಹಿಂದಿನಿಂದ ಕಿರ್ರ್ ಅಂತ ಬಾಗಿಲಿನ ಕೀಲಿನ ಥರ ಸದ್ದು ಬರುತ್ತದೆ.

ಹೋಲಿಕೆ ಸರಿಯಾಗಿಯೇ ಇದೆ. ಎರಡೂ ಒಂದೇ ಕಾರಣದ ಸದ್ದು: ಒಣಗಿದ ಜಾಗದಲ್ಲಿ ಲೋಹ ಹಿಡಿದು, ಜಾರಿ, ಮತ್ತೆ ಹಿಡಿಯುವುದು.

ಡ್ರಮ್ ಬಿಚ್ಚಿದರೆ ಹಿಂದೆ ಒಂದು ಕಬ್ಬಿಣದ ತಟ್ಟೆ ಕಾಣುತ್ತದೆ. ಅದರ ಮೇಲೆ ಶೂ ಜಾರಾಡುವ ಕೆಲವು ಸಣ್ಣ ಉಬ್ಬುಗಳಿರುತ್ತವೆ. ಅಲ್ಲಿ ಗ್ರೀಸ್ ಒಣಗಿದ್ದರೆ ಆ ಉಬ್ಬುಗಳು ಕನ್ನಡಿಯ ಹಾಗೆ ಹೊಳೆಯುತ್ತಿರುತ್ತವೆ, ಸುತ್ತ ಮಾತ್ರ ಕಂದು ತುಕ್ಕು. ಸ್ವಚ್ಛ ಮಾಡಿ, ಬಿಸಿ ತಡೆಯುವ ಬ್ರೇಕ್ ಗ್ರೀಸನ್ನು ಆ ಉಬ್ಬುಗಳಿಗೆ ತೆಳ್ಳಗೆ ಸವರಿದರೆ ಸದ್ದು ಹೋಗುತ್ತದೆ. ತೆಳ್ಳಗೆ ಅಂದರೆ ತೆಳ್ಳಗೇ. ಲೈನಿಂಗಿಗೆ, ಅಂದರೆ ಶೂ ಮೇಲಿರುವ ಡ್ರಮ್ಮಿಗೆ ಉಜ್ಜುವ ಪದರಕ್ಕೆ, ಒಂದು ತೊಟ್ಟು ತಗಲಿದರೂ ಬ್ರೇಕ್ ಹಿಡಿಯುವುದಿಲ್ಲ.

ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದಲೋ ಏರ್ ಪೈಪಿನಿಂದಲೋ ಊದಬೇಡಿ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಕೂಡ ಇರುತ್ತಿತ್ತು. ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿ ಒರೆಸಿ.

ಬೆಳಗ್ಗೆ ಗಾಡಿ ಹೊರಡಿಸಿದ ಕೂಡಲೇ ಹಿಂದಿನಿಂದ ಟಕ್ ಅಂತ ದೊಡ್ಡ ಸದ್ದು. ಆಮೇಲೆ ಏನೂ ಇಲ್ಲ.

ಹಿಂದಿನ ದಿನ ಮಳೆ ಬಂದಿತ್ತಾ? ಅಥವಾ ಕಾರು ತೊಳೆದು, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದಿರಾ? ಹಾಗಿದ್ದರೆ ಕಾರಣ ಗೊತ್ತಾದಂತೆ. ಒದ್ದೆ ಡ್ರಮ್ಮಿನ ಮೇಲೆ ರಾತ್ರಿ ತೆಳುವಾಗಿ ತುಕ್ಕು ಕಟ್ಟುತ್ತದೆ. ಶೂ ಒತ್ತಿಕೊಂಡಿರುವ ಜಾಗದಲ್ಲಿ ಆ ತುಕ್ಕು ಎರಡನ್ನೂ ಅಂಟಿಸಿಬಿಡುತ್ತದೆ. ಬೆಳಗ್ಗೆ ಲಿವರ್ ಇಳಿಸಿದಿರಿ, ಕೇಬಲ್ ಸಡಿಲವಾಯಿತು, ಆದರೆ ಶೂ ಅಂಟಿಕೊಂಡೇ ಇದೆ. ಗಾಡಿ ಮುಂದಕ್ಕೆ ಎಳೆದಾಗ ಆ ಅಂಟು ಬಿಡುವ ಸದ್ದೇ ಟಕ್.

ಅಪರೂಪಕ್ಕೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಮಳೆಗಾಲದಲ್ಲಿ ಮನೆ ತಲುಪುವ ಮುಂಚಿನ ಸ್ವಲ್ಪ ದೂರ ಕಾಲಿನ ಬ್ರೇಕನ್ನು ಹಗುರವಾಗಿ ಎರಡು ಮೂರು ಸಲ ಒತ್ತಿದರೆ ಡ್ರಮ್ ಬಿಸಿಯಾಗಿ ಒಣಗುತ್ತದೆ. ಸಮತಟ್ಟಾದ ಜಾಗ ಇದ್ದರೆ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಆ ರಾತ್ರಿ ಹ್ಯಾಂಡ್‌ಬ್ರೇಕ್ ಬಿಟ್ಟುಬಿಡಿ.

ಒಣ ಹವೆಯಲ್ಲೂ ದಿನಾ ಟಕ್ ಅಂದರೆ ಅದು ಬೇರೆ ವಿಷಯ. ಸವೆದ ಶೂ, ಸೋತ ಸ್ಪ್ರಿಂಗ್ ಅಥವಾ ಸೋರಿದ ಎಣ್ಣೆಯಿಂದ ಜಿಗುಟಾದ ಲೈನಿಂಗ್ ಇರಬಹುದು. ಡ್ರಮ್ ಬಿಚ್ಚಿಸಿ.

ಮಳೆಯ ಮರುದಿನ ಮೊದಲ ಕೆಲವು ಮೀಟರ್ ಗರಗರ ಅನ್ನುತ್ತದೆ.

ಮೇಲ್ಮೈಯ ತುಕ್ಕು. ಪ್ಯಾಡು, ಶೂಗಳು ಅದನ್ನು ಕೆರೆದು ಹಾಕುವ ಸದ್ದು. ನಾಲ್ಕೈದು ಸಲ ಬ್ರೇಕ್ ಹಾಕಿದ ಮೇಲೂ ಹೋಗದಿದ್ದರೆ ಮಾತ್ರ ಯೋಚಿಸಿ. ಡಿಸ್ಕಿನೊಳಗೆ ಪುಟ್ಟ ಡ್ರಮ್ ಇರುವ ಕಾರುಗಳಲ್ಲಿ ಇದು ಸ್ವಲ್ಪ ಹಟಮಾರಿ. ಆ ಶೂಗಳು ಗಾಡಿ ನಿಂತ ಮೇಲೆ ಮಾತ್ರ ಕೆಲಸ ಮಾಡುವುದರಿಂದ ತುಕ್ಕು ತಾನಾಗಿ ಉಜ್ಜಿಹೋಗುವ ಅವಕಾಶವೇ ಇರುವುದಿಲ್ಲ.

ಮೂರು ವಾರ ನಿಲ್ಲಿಸಿದ್ದೆ. ಈಗ ಹಿಂದಿನ ಚಕ್ರ ತಿರುಗುತ್ತಲೇ ಇಲ್ಲ, ರಸ್ತೆಯ ಮೇಲೆ ಎಳೆದುಕೊಂಡು ಬರುತ್ತದೆ.

ಟಕ್ ಸದ್ದಿನ ಅಣ್ಣ ಇವನು. ಆಕ್ಸಿಲರೇಟರ್ ಒತ್ತಿ ಬಲವಂತ ಮಾಡಬೇಡಿ. ಅಂಟಿರುವುದು ಶೂ ಮಾತ್ರ ಆದರೂ, ಎಳೆದಾಟದಲ್ಲಿ ಅದರ ಮೇಲಿನ ಲೈನಿಂಗ್ ಕಿತ್ತು ಬರಬಹುದು. ಹ್ಯಾಂಡ್‌ಬ್ರೇಕನ್ನು ಎರಡು ಮೂರು ಸಲ ಪೂರ್ತಿ ಎಳೆದು ಬಿಡಿ. ಗಾಡಿಯನ್ನು ಮೆಲ್ಲಗೆ ಒಂದಿಷ್ಟು ಹಿಂದೆ, ಒಂದಿಷ್ಟು ಮುಂದೆ ಸರಿಸಲು ನೋಡಿ. ಬಿಡದಿದ್ದರೆ ಮೆಕ್ಯಾನಿಕ್ ಚಕ್ರ ತೆಗೆದು ಡ್ರಮ್ಮಿನ ಅಂಚಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಿಡಿಸುತ್ತಾರೆ.

ತುಂಬಾ ಚಳಿ ಇರುವ ಕಡೆ ತುಕ್ಕಿನ ಬದಲು ಹಿಮಗಡ್ಡೆ ಇದೇ ಕೆಲಸ ಮಾಡುತ್ತದೆ. ಕೇಬಲ್ ಒಳಗೆ ಹೊಕ್ಕ ನೀರು ಹೆಪ್ಪುಗಟ್ಟಿದರೆ ಲಿವರ್ ಇಳಿದರೂ ಬ್ರೇಕ್ ಬಿಡುವುದಿಲ್ಲ.

ಓಡಿಸುವಾಗ ಹಿಂದಿನಿಂದ ಸಣ್ಣಗೆ ಕುಯ್ಯ್ ಅನ್ನುತ್ತಲೇ ಇರುತ್ತದೆ. ಇದು ಹ್ಯಾಂಡ್‌ಬ್ರೇಕಾ, ಬೇರಿಂಗಾ?

ಇದರಲ್ಲಿ ನಾನು ಒಮ್ಮೆ ಏಟು ತಿಂದಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನನ್ನ ಹಳೆಯ ಹ್ಯಾಚ್‌ಬ್ಯಾಕಿನಲ್ಲಿ ಎಡಗಡೆ ಹಿಂದಿನಿಂದ ಹೀಗೇ ಸದ್ದು ಬರುತ್ತಿತ್ತು. ಕೆಲವು ದಿನ ಇರುತ್ತಿತ್ತು, ಕೆಲವು ದಿನ ಇಲ್ಲ. ಒಂದು ಗ್ಯಾರೇಜಿನಲ್ಲಿ ಬೇರಿಂಗ್ ಹೋಗಿದೆ ಅಂದರು. ಬದಲಾಯಿಸಿದ್ದಾಯಿತು. ಎರಡನೇ ದಿನಕ್ಕೆ ಸದ್ದು ವಾಪಸ್. ಆಮೇಲೆ ನಾನೇ ಗಮನಿಸತೊಡಗಿದೆ. ಸಿಗ್ನಲ್ಲಿನಲ್ಲೋ ಗೇಟಿನ ಮುಂದೋ ಹ್ಯಾಂಡ್‌ಬ್ರೇಕ್ ಎಳೆದು ಹೊರಟ ದಿನ ಮಾತ್ರ ಸದ್ದು. ಮನೆಯಿಂದ ಸೀದಾ ಹೋಗಿ ಬಂದ ದಿನ ಇಲ್ಲ.

ಒಂದು ಸಂಜೆ ತುಂತುರು ಮಳೆಯಲ್ಲಿ ಬಂದು ಗಾಡಿ ನಿಲ್ಲಿಸಿ ಸುತ್ತ ನೋಡಿದೆ. ಮೂರು ಚಕ್ರಗಳ ರಿಮ್ಮಿನ ಮೇಲೆ ಹನಿಗಳು ಕೂತಿದ್ದವು. ಎಡಗಡೆ ಹಿಂದಿನದು ಮಾತ್ರ ಒಣಗಿ ಬಿಳಿಚಿಕೊಂಡಿತ್ತು. ಹತ್ತಿರ ಬಗ್ಗಿದರೆ ಸುಟ್ಟ ವಾಸನೆ.

ಕೇಬಲ್ ಬಿಚ್ಚಿದಾಗ ಗುಟ್ಟು ಹೊರಬಿತ್ತು. ಚಕ್ರದ ಹತ್ತಿರ ಕೇಬಲ್ಲಿನ ತುದಿಗೆ ರಬ್ಬರಿನ ಟೋಪಿ ಇರುತ್ತದೆ, ನೀರು ಒಳಗೆ ಹೋಗದಿರಲಿ ಅಂತ. ಅದು ಉಗುರಿನಷ್ಟು ಹರಿದಿತ್ತು. ಒಳಗಿನ ತಂತಿಯನ್ನು ಎಳೆದಾಗ ಕಿತ್ತಳೆ ಬಣ್ಣದ ನೀರು ತೊಟ್ಟಿಕ್ಕಿತು. ಎಳೆಯುವಾಗ ಕೈಬಲಕ್ಕೆ ತಂತಿ ಬರುತ್ತಿತ್ತು, ವಾಪಸ್ ಹೋಗುವಾಗ ಚಕ್ರದೊಳಗಿನ ಸ್ಪ್ರಿಂಗಿಗೆ ಅದನ್ನು ಎಳೆದುಕೊಳ್ಳುವ ಶಕ್ತಿ ಸಾಲುತ್ತಿರಲಿಲ್ಲ. ಅರ್ಧದಲ್ಲೇ ನಿಲ್ಲುತ್ತಿತ್ತು. ಹೊಸ ಕೇಬಲ್ ಹಾಕಿಸಿದೆ, ಸದ್ದು ನಿಂತಿತು. ಬೇರಿಂಗಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತಾಯಿತು.

ಅದಕ್ಕೇ ಹೇಳುವುದು: ಬೇರಿಂಗ್ ಸದ್ದು ನೀವು ಹ್ಯಾಂಡ್‌ಬ್ರೇಕ್ ಎಳೆದಿರೋ ಇಲ್ಲವೋ ಅಂತ ನೋಡುವುದಿಲ್ಲ. ಅದು ಗುಂಯ್ ಅಂತ ವೇಗದ ಜೊತೆ ಏರುತ್ತದೆ, ಉದ್ದ ತಿರುವಿನಲ್ಲಿ ಭಾರ ಒಂದು ಪಕ್ಕಕ್ಕೆ ವಾಲಿದಾಗ ಹೆಚ್ಚುಕಡಿಮೆ ಆಗುತ್ತದೆ. ಉಜ್ಜುವ ಬ್ರೇಕಿನ ಸದ್ದು ಬ್ರೇಕ್ ಬಳಸಿದಾಗ ಬದಲಾಗುತ್ತದೆ.

ಇದನ್ನು ನಾನೇ ಪರೀಕ್ಷೆ ಮಾಡಬಹುದಾ?

ಲಿವರ್ ಇರುವ ಕಾರಿನಲ್ಲಿ ಮಾಡಬಹುದು. ಖಾಲಿ, ಸಮತಟ್ಟಾದ, ಒಣಗಿದ ಜಾಗದಲ್ಲಿ ಗಂಟೆಗೆ 10-15 ಕಿ.ಮೀ. ವೇಗದಲ್ಲಿ ಹೋಗುತ್ತಾ, ಬಟನ್ ಒತ್ತಿ ಹಿಡಿದುಕೊಂಡೇ ಲಿವರನ್ನು ತುಸುವೇ ತುಸು ಮೇಲೆತ್ತಿ ಬಿಡಿ. ಸದ್ದು ಬದಲಾದರೆ ಅಥವಾ ನಿಂತರೆ ಹಿಂದಿನ ಬ್ರೇಕಿನದ್ದೇ. ಬಟನ್ ಮೇಲಿನ ಬೆರಳು ತೆಗೆಯಬೇಡಿ, ತೆಗೆದರೆ ಚಕ್ರ ಲಾಕ್ ಆಗಬಹುದು.

ಲಿವರ್ ಬದಲು ಸ್ವಿಚ್ ಇರುವ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಈ ಪ್ರಯೋಗ ಬೇಡವೇ ಬೇಡ. ಓಡುವಾಗ ಆ ಸ್ವಿಚ್ ಎಳೆದು ಹಿಡಿದರೆ ಎಷ್ಟೋ ಕಾರುಗಳು ಅದನ್ನು ತುರ್ತು ಬ್ರೇಕ್ ಅಂತ ತಿಳಿದು ಜೋರಾಗಿ ನಿಲ್ಲಿಸಿಬಿಡುತ್ತವೆ.

ಎರಡನೇ ಪರೀಕ್ಷೆ ಇನ್ನೂ ಸುಲಭ. ಕಾಲಿನ ಬ್ರೇಕನ್ನು ಆದಷ್ಟು ಕಡಿಮೆ ಬಳಸಿ 10 ಕಿ.ಮೀ. ಓಡಿಸಿ ಬನ್ನಿ. ಹಿಂದಿನ ಎರಡೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಕಡೆ ಒಲೆಯ ಮುಂದೆ ಕೂತಂತೆ ಬಿಸಿ ಬಡಿದು ಇನ್ನೊಂದು ಕಡೆ ಏನೂ ಅನ್ನಿಸದಿದ್ದರೆ ಬಿಸಿ ಕಡೆಯ ಬ್ರೇಕ್ ಹಿಡಿದುಕೊಂಡಿದೆ.

ಹಿಂದೆ ಡಿಸ್ಕ್ ಬ್ರೇಕ್ ಇದ್ದರೂ ಹೀಗೆ ಹಿಡಿದುಕೊಳ್ಳುತ್ತದಾ?

ಹೌದು. ಕೇಬಲ್ ಎಳೆಯುವ ಸನ್ನೆ ಕ್ಯಾಲಿಪರಿನ ಹೊರಗೇ ಇರುತ್ತದೆ, ನೀರು ಕೆಸರು ಎರಡೂ ಅದರ ಮೇಲೆ. ಅದರ ಕೀಲು ಗಟ್ಟಿಯಾದರೆ ಲಿವರ್ ಇಳಿಸಿದ ಮೇಲೂ ಸನ್ನೆ ತನ್ನ ತಡೆಗೆ ತಾಗುವ ತನಕ ಹಿಂದೆ ಹೋಗುವುದಿಲ್ಲ. ಪ್ಯಾಡು ಡಿಸ್ಕಿಗೆ ಸವರುತ್ತಾ ಇರುತ್ತದೆ. ಒಬ್ಬರು ಒಳಗೆ ಕೂತು ಎಳೆದು ಬಿಡುತ್ತಿರಲಿ, ಇನ್ನೊಬ್ಬರು ಹೊರಗಿನಿಂದ ಎರಡೂ ಕಡೆ ಸನ್ನೆ ಎಷ್ಟು ಚುರುಕಾಗಿ ವಾಪಸಾಗುತ್ತದೆ ಅಂತ ನೋಡಲಿ. ಸೋಮಾರಿ ಕಡೆ ಯಾವುದು ಅಂತ ಕಣ್ಣಿಗೇ ಕಾಣುತ್ತದೆ. ಇದಕ್ಕೆ ಕಾರಿನ ಅಡಿಗೆ ನುಸುಳಬೇಡಿ. ಚಕ್ರದ ಹಿಂದಿನಿಂದ ಟಾರ್ಚ್ ಬಿಟ್ಟರೆ ಸಾಕು.

ಡಿಸ್ಕ್ ಕಾರುಗಳಲ್ಲಿ ಇನ್ನೊಂದು ಮೋಸದ ಸದ್ದಿದೆ. ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೆ ಕಿವಿ ಕೀಳುವಂತೆ ಕೀಚ್ ಅನ್ನುತ್ತದೆ. ಹ್ಯಾಂಡ್‌ಬ್ರೇಕ್ ಪಾಪ, ನಿರಪರಾಧಿ. ಗಾಡಿ ಹಿಂದೆ ಮುಂದೆ ಮಾಡಿದರೆ ಎಷ್ಟೋ ಸಲ ಕಲ್ಲು ತಾನೇ ಉದುರುತ್ತದೆ.

ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಬಿಟ್ಟರೆ ಎಮ್ಮೆ ನರಳಿದಂತೆ ಸದ್ದು ಬರುತ್ತದೆ.

ಬ್ರೇಕ್ ಪೂರ್ತಿ ಹಿಡಿದೂ ಇಲ್ಲ, ಪೂರ್ತಿ ಬಿಟ್ಟೂ ಇಲ್ಲ ಅನ್ನುವ ಸ್ಥಿತಿಯಲ್ಲಿ ಶೂ ಮತ್ತು ಡ್ರಮ್ ಹಿಡಿ-ಜಾರು ಆಟ ಆಡುತ್ತವೆ. ಆ ನಡುಕ ಇಡೀ ಹಿಂಭಾಗಕ್ಕೆ ಹರಡಿ ನರಳಾಟ ಆಗುತ್ತದೆ. ಕಾಲಿನ ಬ್ರೇಕ್ ಒತ್ತಿಕೊಂಡು ಹ್ಯಾಂಡ್‌ಬ್ರೇಕನ್ನು ಒಂದೇ ಸಲಕ್ಕೆ ಪೂರ್ತಿ ಇಳಿಸಿದರೆ ಬರುವುದಿಲ್ಲ. ತೊಂದರೆ ಏನಿಲ್ಲ.

ಆಟೋಮ್ಯಾಟಿಕ್ ಗಾಡಿ. ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಗೇರನ್ನು ‘ಪಿ’ಯಿಂದ (ಪಾರ್ಕ್) ತೆಗೆದರೆ ಧಡ್ ಅನ್ನುತ್ತದೆ, ಗೇರ್ ಲಿವರ್ ಕೂಡ ಗಟ್ಟಿ.

ಇದು ಬ್ರೇಕಿನ ಸದ್ದಲ್ಲ, ಬ್ರೇಕನ್ನು ತಡವಾಗಿ ಎಳೆದದ್ದರ ಸದ್ದು. ‘ಪಿ’ಗೆ ಹಾಕಿದಾಗ ಗೇರ್‌ಬಾಕ್ಸ್ ಒಳಗೆ ಒಂದು ಕೊಕ್ಕೆ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ನೀವು ‘ಪಿ’ಗೆ ಹಾಕಿ ಕಾಲು ತೆಗೆದಿರಿ, ಗಾಡಿ ಒಂದು ಗೇಣು ಹಿಂದೆ ಸರಿದು ಇಡೀ ಭಾರ ಆ ಕೊಕ್ಕೆಯ ಮೇಲೆ ಬಿತ್ತು. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದರೆ ಅದಕ್ಕೆ ಕೆಲಸವೇ ಉಳಿದಿಲ್ಲ. ಹೊರಡುವಾಗ ಕೊಕ್ಕೆ ಭಾರದ ಸಮೇತ ಕಿತ್ತುಕೊಳ್ಳಬೇಕು, ಅದೇ ಧಡ್.

ಕ್ರಮ ಬದಲಿಸಿ. ಕಾಲಿನ ಬ್ರೇಕ್ ಒತ್ತಿ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಕಾಲನ್ನು ಮೆಲ್ಲಗೆ ಸಡಿಲಿಸಿ ಗಾಡಿ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲಿ, ಮತ್ತೆ ಕಾಲು ಒತ್ತಿ ‘ಪಿ’. ಒಂದು ವಾರ ಮಾಡಿದರೆ ರೂಢಿಯಾಗುತ್ತದೆ.

ಅಂದಹಾಗೆ, ‘ಪಿ’ ಇದೆಯಲ್ಲ ಅಂತ ವರ್ಷಗಟ್ಟಲೆ ಹ್ಯಾಂಡ್‌ಬ್ರೇಕ್ ಮುಟ್ಟದವರ ಕಾರಿನಲ್ಲೇ ಕೇಬಲ್ ಬೇಗ ಜಾಮ್ ಆಗುವುದು. ಓಡಾಡದ ತಂತಿಗೆ ತುಕ್ಕು ಹಿಡಿಯುತ್ತದೆ. ಒಂದು ದಿನ ಯಾರೋ ಎಳೆಯುತ್ತಾರೆ, ಅದು ಮತ್ತೆ ಇಳಿಯುವುದಿಲ್ಲ.

ಗುಂಡಿ ಹಾರಿದಾಗ ಕೆಳಗಿನಿಂದ ಟಣಟಣ.

ಕೇಬಲನ್ನು ಅಡಿಭಾಗಕ್ಕೆ ಹಿಡಿದಿಡುವ ಕ್ಲಿಪ್ ಬಿದ್ದುಹೋಗಿ ಅದು ತಗಡಿಗೆ ಬಡಿಯುತ್ತಿರಬಹುದು. ಸೈಲೆನ್ಸರ್ ಪೈಪಿಗೆ ತಾಗುತ್ತಿದ್ದರೆ ಬಿಸಿಗೆ ಕೇಬಲ್ಲಿನ ಹೊರಕವಚ ಕರಗುತ್ತದೆ, ಬೇಗ ಕಟ್ಟಿಸಿ. ಡ್ರಮ್ಮಿನ ಒಳಗೇ ಟಣಟಣ ಅಂದರೆ ಶೂ ಹಿಡಿಯುವ ಸ್ಪ್ರಿಂಗೋ ಪಿನ್ನೋ ಕಳಚಿರಬಹುದು. ಅದಕ್ಕೆ ಕಾಯಬೇಡಿ, ಕಳಚಿದ ತುಂಡು ತಿರುಗುವ ಡ್ರಮ್ಮಿಗೂ ಶೂಗೂ ನಡುವೆ ಸಿಕ್ಕರೆ ಚಕ್ರ ಲಾಕ್ ಆಗಬಹುದು.

ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಕರಕರ ಅನ್ನುತ್ತಿದೆ.

ಲೈನಿಂಗ್ ಪೂರ್ತಿ ಸವೆದಿದೆ, ಇಲ್ಲವೇ ಶೂಗೆ ಅಂಟಿಸಿದ್ದ ಲೈನಿಂಗ್ ಎದ್ದು ಬಂದಿದೆ. ಎರಡನೆಯದು ಇನ್ನೂ ಅಪಾಯ, ಸಡಿಲವಾದ ಲೈನಿಂಗ್ ಡ್ರಮ್ಮಿನೊಳಗೆ ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ನಿಲ್ಲಿಸಿ. ಎಳೆಸಿಕೊಂಡು ಹೋಗಿ.

ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್. ಸ್ವಿಚ್ ಎಳೆದರೆ ಝುಯ್ಯ್ ಅನ್ನುತ್ತದೆ. ಸರಿನಾ?

ಸರಿ. ಬಿಎಂಡಬ್ಲ್ಯು ತನ್ನ 7 ಸೀರೀಸ್ ಕಾರಿನಲ್ಲಿ 2001ರಲ್ಲಿ ಇದನ್ನು ತಂದಾಗ ಹೊಸದಾಗಿತ್ತು, ಈಗ ಸಾಧಾರಣ ಕಾರುಗಳಲ್ಲೂ ಇದೆ. ಹೆಚ್ಚಿನವುಗಳಲ್ಲಿ ಎರಡೂ ಹಿಂದಿನ ಕ್ಯಾಲಿಪರಿಗೆ ಒಂದೊಂದು ಚಿಕ್ಕ ಮೋಟಾರ್ ಇರುತ್ತದೆ. ಅದು ಗೇರುಗಳ ಮೂಲಕ ಒಂದು ಸ್ಕ್ರೂ ತಿರುಗಿಸಿ ಪಿಸ್ಟನ್ನನ್ನು ಒತ್ತುತ್ತದೆ. ಝುಯ್ ಅಂದು ಕೊನೆಗೆ ದನಿ ಭಾರವಾಗಿ ನಿಲ್ಲುತ್ತದಲ್ಲ, ಪ್ಯಾಡು ಡಿಸ್ಕನ್ನು ಬಿಗಿಯಾಗಿ ಹಿಡಿದ ಕ್ಷಣ ಅದು.

ಆ ಸದ್ದು ಎಂದಿನಂತೆ ಇದ್ದರೆ ನೆಮ್ಮದಿ. ಎಳೆದುಕೊಂಡು ಹೋದರೆ, ಒಂದು ಕಡೆಯಿಂದ ಮಾತ್ರ ಬಂದರೆ, ಅಥವಾ ಕಟ್ ಕಟ್ ಕಟ್ ಅಂತ ಗೇರ್ ಹಲ್ಲು ಜಾರಿದಂತೆ ಕೇಳಿದರೆ ಮೋಟಾರೋ ಗೇರುಗಳೋ ಸೋತಿವೆ. ಬ್ಯಾಟರಿ ಇಳಿದಿದ್ದರೂ ದನಿ ಸೊರಗುತ್ತದೆ, ಹಾಗಾಗಿ ಮೊದಲು ಬ್ಯಾಟರಿ ನೋಡಿಸಿ. ಅದು ಅಗ್ಗದ ಅನುಮಾನ.

ಕಾರು ನಿಲ್ಲಿಸಿ ಲಾಕ್ ಮಾಡಿ ಹೋಗಿದ್ದೆ. ಕೆಲವು ನಿಮಿಷದ ಮೇಲೆ ಅದೇ ಝುಯ್ ಅಂದಿತು! ಒಳಗೆ ಯಾರೂ ಇರಲಿಲ್ಲ.

ದೆವ್ವ ಅಲ್ಲ. ಬಿಸಿಯಾದ ಡಿಸ್ಕ್ ತಣ್ಣಗಾಗುತ್ತಾ ಸ್ವಲ್ಪ ತೆಳ್ಳಗಾಗುತ್ತದೆ, ಪ್ಯಾಡಿನ ಹಿಡಿತ ಸಡಿಲವಾಗುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕಿ ಎಷ್ಟೋ ಕಾರುಗಳು ಸ್ವಲ್ಪ ಹೊತ್ತಿನ ಮೇಲೆ ತಾವೇ ಇನ್ನೊಮ್ಮೆ ಬಿಗಿ ಮಾಡಿಕೊಳ್ಳುತ್ತವೆ. ಉದ್ದ ಇಳಿಜಾರು ಇಳಿದು ಬಂದ ದಿನ ಇದು ಕೇಳುವ ಸಂಭವ ಜಾಸ್ತಿ.

ಎಲೆಕ್ಟ್ರಿಕ್ ಇರುವ ಕಾರಿನ ಹಿಂದಿನ ಪ್ಯಾಡನ್ನು ನಾನೇ ಬದಲಾಯಿಸಬಹುದಾ?

ಪಾರ್ಕಿಂಗ್ ಬ್ರೇಕನ್ನು ಸರ್ವಿಸ್ ಮೋಡಿಗೆ, ಅಂದರೆ ರಿಪೇರಿಗೆ ಅಂತಲೇ ಇರುವ ಸ್ಥಿತಿಗೆ, ಹಾಕಲು ಬಂದರೆ ಮಾತ್ರ. ಕೆಲವು ಕಾರುಗಳಿಗೆ ಸ್ಕ್ಯಾನರ್ ಬೇಕು. ಹಾಗೆ ಮಾಡದೆ ಪಿಸ್ಟನ್ನನ್ನು ಬಲವಂತವಾಗಿ ಹಿಂದೆ ತಳ್ಳಿದರೆ ಒಳಗಿನ ಸ್ಕ್ರೂ, ಗೇರು ಹಾಳಾಗುತ್ತವೆ. ಕೆಲಸದ ನಡುವೆ ಮೋಟಾರ್ ತಿರುಗಿದರೆ ಬೆರಳಿಗೂ ಅಪಾಯ.

ಹೊಸ ಶೂ ಹಾಕಿಸಿ ಎರಡು ದಿನ ಆಯಿತು. ಮೊದಲಿಗಿಂತ ಜಾಸ್ತಿ ಸದ್ದು!

ಹೊಸ ಶೂ ಡ್ರಮ್ಮಿಗೆ ಪೂರ್ತಿ ಒಗ್ಗಲು ಕೆಲವು ದಿನ ಬೇಕು. ಹಳೆಯ ಡ್ರಮ್ಮಿನ ಅಂಚಿನಲ್ಲಿ ಸವೆಯದೆ ಉಳಿದ ಉಬ್ಬಿಗೆ ಹೊಸ ಶೂ ತಾಗುತ್ತಿದ್ದರೂ ಕಿರುಗುಟ್ಟುತ್ತದೆ. ಸದ್ದು ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಕಾಯಿರಿ. ಇದ್ದ ಹಾಗೇ ಇದ್ದರೆ, ಚಕ್ರ ಬಿಸಿಯಾದರೆ, ಹೆಚ್ಚು ಬಿಗಿ ಮಾಡಿದ್ದಾರೆ ಅಂತ ಅರ್ಥ. ವಾಪಸ್ ಕೊಂಡೊಯ್ಯಿರಿ.

ಕೇಬಲ್ಲಿಗೆ ಎಣ್ಣೆ ಬಿಟ್ಟರೆ ಸರಿಹೋಗಲ್ವಾ?

ಒಂದು ವಾರ ಸರಿಹೋದ ಹಾಗೆ ಕಾಣುತ್ತದೆ. ಒಳಗೆ ತುಕ್ಕು ಹಿಡಿದು ಎಳೆಗಳು ಕಿತ್ತಿರುವ ಕೇಬಲ್ಲಿಗೆ ಎಣ್ಣೆ ಔಷಧಿಯಲ್ಲ. ಈಗಿನ ಎಷ್ಟೋ ಕೇಬಲ್ಲುಗಳ ಕವಚದೊಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಅವಕ್ಕೆ ಎಣ್ಣೆ ಬೇಕಾಗಿಯೇ ಇಲ್ಲ. ಬಿಟ್ಟರೆ ಧೂಳು ಅಂಟಿ ಇನ್ನೂ ಬಿಗಿಯಾಗುತ್ತದೆ. ಬದಲಾಯಿಸಿ.

ನನ್ನ ಗಾಡಿಯ ಹ್ಯಾಂಡ್‌ಬ್ರೇಕ್ ಬೇರೆಯವರ ಥರ ಇಲ್ಲವೇ ಇಲ್ಲ...

ಇರಬಹುದು. ಹಳೆಯ ಲ್ಯಾಂಡ್ ರೋವರ್ ಡಿಫೆಂಡರಿನಲ್ಲಿ ಈ ಬ್ರೇಕ್ ಚಕ್ರದಲ್ಲಿ ಇಲ್ಲ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಬಾಕ್ಸಿನ ಹಿಂದೆ, ಹಿಂದಿನ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಮೇಲಿದೆ. ಎಳೆದು ಕಾಲು ತೆಗೆದರೆ ಗಾಡಿ ತುಸು ತೂಗಿ ಟಕ್ ಅಂದು ನಿಲ್ಲುತ್ತದೆ, ಗೇರುಗಳ ನಡುವಿನ ಸಡಿಲು ಅದು. ಅದು ಅದರ ಸ್ವಭಾವ. ಸಾಬ್ 99ರಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿದ್ದುದು ಮುಂದಿನ ಚಕ್ರವನ್ನು, ಹಿಂದೆ ಹುಡುಕಿದರೆ ಏನೂ ಸಿಗದು. ಕಾಲಿನಿಂದ ಒತ್ತುವ ಪಾರ್ಕಿಂಗ್ ಬ್ರೇಕ್ ಇರುವ ಕಾರುಗಳಲ್ಲಿ, ಬಿಡಿಸಿದಾಗ ಪೆಡಲ್ ಚಿಮ್ಮಿ ಧಡ್ ಅನ್ನುವುದು ಸಹಜ.

ಹೊರಟ ಮೇಲೆ ಬೀಪ್ ಬೀಪ್ ಅನ್ನುತ್ತದೆ, ಕೆಂಪು ದೀಪವೂ ಉರಿಯುತ್ತದೆ. ಲಿವರ್ ಮಾತ್ರ ಇಳಿಸಿದ್ದೇನೆ.

ಲಿವರ್ ಒಂದು ಕಟ್ ಮೇಲೆ ಉಳಿದಿರಬಹುದು, ಪೂರ್ತಿ ಕೆಳಗೆ ಒತ್ತಿ ನೋಡಿ. ಆದರೂ ಉರಿಯುತ್ತಿದ್ದರೆ ಬ್ರೇಕ್ ಆಯಿಲ್ ಮಟ್ಟ ನೋಡಿ. ಹೆಚ್ಚಿನ ಕಾರುಗಳಲ್ಲಿ ಎರಡಕ್ಕೂ ಒಂದೇ ದೀಪ. ಆಯಿಲ್ ಕಡಿಮೆ ಇದ್ದರೆ ಗಾಡಿ ಮುಂದೆ ಓಡಿಸಬೇಡಿ.

ಯಾವ ಸದ್ದಿಗೆ ಕೂಡಲೇ ಗಾಡಿ ನಿಲ್ಲಿಸಬೇಕು?

ಕರಕರ ಸದ್ದು, ಸುಟ್ಟ ವಾಸನೆ ಅಥವಾ ಹೊಗೆಯ ಜೊತೆ ಬರುವ ಯಾವುದೇ ಸದ್ದು, ಸದ್ದಿನ ಜೊತೆ ಗಾಡಿ ಒಂದು ಪಕ್ಕಕ್ಕೆ ಎಳೆಯುವುದು. ಹಿಡಿದುಕೊಂಡ ಬ್ರೇಕಿನ ಬಿಸಿಗೆ ಬ್ರೇಕ್ ಆಯಿಲ್ ಕುದಿಯಬಹುದು. ಆಗ ಕಾಲಿನ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ, ಅಂದರೆ ಇರುವ ಒಂದು ಬ್ರೇಕೂ ಕೈಕೊಡುತ್ತದೆ. ಬಿಸಿ ಚಕ್ರಕ್ಕೆ ನೀರು ಸುರಿಯಬೇಡಿ, ಡ್ರಮ್ಮೋ ಡಿಸ್ಕೋ ಬಿರುಕು ಬಿಡಬಹುದು. ತಾನಾಗಿ ಆರಲಿ.

ಗ್ಯಾರೇಜಿನಲ್ಲಿ ಏನಂತ ಹೇಳಲಿ?

ಬಾಯಲ್ಲಿ ಸದ್ದು ಮಾಡಿ ತೋರಿಸಿ, ತಪ್ಪೇನಿಲ್ಲ. ಆದರೆ ಅದಕ್ಕೂ ಮುಂಚೆ ಒಂದು ಚೀಟಿ ಬರೆದಿಟ್ಟುಕೊಳ್ಳಿ: ಎಳೆಯುವಾಗಲೋ ಬಿಟ್ಟಾಗಲೋ, ಹೊರಟ ತಕ್ಷಣವೋ ಆಮೇಲೋ, ಮಳೆ ಬಂದಿತ್ತೋ ಇಲ್ಲವೋ, ಎಷ್ಟು ಕಟ್‌ಗೆ ಗಟ್ಟಿಯಾಗುತ್ತದೆ, ಯಾವ ಚಕ್ರ ಬಿಸಿ. ಸದ್ದು ಬಂದಾಗ ಪಕ್ಕದಲ್ಲಿ ಕೂತವರ ಹತ್ತಿರ ಫೋನಿನಲ್ಲಿ ರೆಕಾರ್ಡ್ ಮಾಡಿಸಿ. "ಬೇರಿಂಗ್ ಹೋಗಿದೆ" ಅಂದರೆ, ಚಕ್ರ ಎತ್ತಿ, ಹ್ಯಾಂಡ್‌ಬ್ರೇಕ್ ಒಮ್ಮೆ ಎಳೆದು ಬಿಟ್ಟು, ಕೈಯಲ್ಲಿ ತಿರುಗಿಸಿ ತೋರಿಸಿ ಅನ್ನಿ. ಹಾಗೆ ಎತ್ತುವಾಗ ಮುಂದಿನ ಚಕ್ರಗಳಿಗೆ ತಡೆ ಕೊಟ್ಟಿರಲಿ, ಜಾಕಿನ ಜೊತೆ ಸ್ಟ್ಯಾಂಡೂ ಇರಲಿ. ಎಳೆದು ಬಿಟ್ಟ ಮೇಲೆ ಚಕ್ರ ಬಿಗಿಯಾಗಿ ತಿರುಗಿದರೆ ಬೇರಿಂಗಿಗೆ ದುಡ್ಡು ಕೊಡುವ ಮುಂಚೆ ಕೇಬಲ್ಲಿನ ರಬ್ಬರ್ ಟೋಪಿ ತೆಗೆಸಿ ನೋಡಿ.